ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸ್: ಒಂದೇ ಗ್ರೀನ್‌ನಲ್ಲಿ ಎರಡು ಬಾವುಟಗಳೇಕೆ?

ಪ್ರಶ್ನೆ:
ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣದ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನದ ನಕ್ಷೆಯಲ್ಲಿ ಬಹುತೇಕ ಗ್ರೀನ್‌ಗಳಿಗೆ (ಚೆಂಡು ಬೀಳಿಸಬೇಕಾದ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು) ಎರಡೆರಡು ಕುಳಿಗಳಿವೆ. ಬೇರೆಡೆ ಪ್ರತಿ ಕುಳಿಗೂ ಪ್ರತ್ಯೇಕ ಗ್ರೀನ್ ಇರುವಾಗ ಇಲ್ಲಿ ಹೀಗೇಕೆ? ಇದರ ವಿನ್ಯಾಸಕಾರರು ಯಾರು?

ಉತ್ತರ 1:
ಇದನ್ನು ಒಬ್ಬ ವಿನ್ಯಾಸಕಾರ ನಕ್ಷೆ ಬರೆದು ಕಟ್ಟಿದ್ದಲ್ಲ; ಕಡಲಂಚಿನ ಮರಳುದಿಬ್ಬಗಳ ಹುಲ್ಲುನೆಲದಲ್ಲಿ ಆಡುತ್ತ ಆಡುತ್ತ ರೂಪುಗೊಂಡದ್ದು. ಅಲ್ಲಿ ಆಡುವ ಊರಿನವರ ಹಕ್ಕನ್ನು ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ 1552ರಲ್ಲಿಯೇ ಸನ್ನದಿನ ಮೂಲಕ ಒಪ್ಪಿದ್ದರು. ಆಟದ ಪಟ್ಟಿ ಬಹಳ ಕಿರಿದಾಗಿದ್ದುದರಿಂದ ಆಟಗಾರರು ಊರಿನಿಂದ ಈಡನ್ ನದಿಯ ಅಳಿವೆಯ ಕಡೆಗೆ ಆಡುತ್ತ ಸಾಗಿ, ಅವೇ ಕುಳಿಗಳಿಗೆ ಆಡುತ್ತ ಹಿಂದಿರುಗುತ್ತಿದ್ದರು. ಆಗ ಒಂದು ಸುತ್ತಿಗೆ 22 ಕುಳಿಗಳು. 1764ರಲ್ಲಿ ಮೊದಲ ನಾಲ್ಕನ್ನು ಎರಡಾಗಿ ಕೂಡಿಸಿದಾಗ ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ಎರಡೆರಡು ಕಡಿಮೆಯಾಗಿ 18 ಉಳಿದವು. ಇಂದು ಜಗತ್ತೆಲ್ಲ ಪಾಲಿಸುವ ಸಂಖ್ಯೆ ಇದೇ. ಮುಂದೆ ಆಟಗಾರರ ಸಂಖ್ಯೆ ಹೆಚ್ಚಿ, ಎದುರುಬದುರಾಗಿ ಬರುವವರು ಒಂದೇ ಕುಳಿಗಾಗಿ ಕಾಯಬೇಕಾದಾಗ, ಗ್ರೀನ್‌ಗಳನ್ನು ಅಗಲಿಸಿ ಎರಡನೆಯ ಕುಳಿ ಕೊರೆದರು. ಹೋಗುವವರಿಗೆ ಬಿಳಿ ಬಾವುಟ, ಬರುವವರಿಗೆ ಕೆಂಪು.

ಉತ್ತರ 2:
ಮೇಲಿನ ಉತ್ತರಕ್ಕೆ ಪೂರಕವಾಗಿ: ಇಂತಹ ಜೋಡಿ ಗ್ರೀನ್‌ಗಳು ಏಳು, ಪ್ರತಿ ಜೋಡಿಯ ಕ್ರಮಸಂಖ್ಯೆಗಳನ್ನು ಕೂಡಿದರೆ 18 (2 ಮತ್ತು 16, 3 ಮತ್ತು 15, ಹೀಗೆ). 1, 9, 17, 18ಕ್ಕೆ ಮಾತ್ರ ಸ್ವಂತ ಗ್ರೀನ್. ವಿನ್ಯಾಸಕಾರ ಎಂದು ಯಾರನ್ನಾದರೂ ಹೆಸರಿಸಲೇಬೇಕಿದ್ದರೆ, ನನ್ನ ದೃಷ್ಟಿಯಲ್ಲಿ ಅದು 1865ರಲ್ಲಿ ಮೈದಾನದ ಉಸ್ತುವಾರಿ ವಹಿಸಿಕೊಂಡ ಓಲ್ಡ್ ಟಾಮ್ ಮಾರಿಸ್. ಅವರು ಸ್ವಿಲ್ಕನ್ ಹಳ್ಳದ ಆಚೆ ಮೊದಲ ಕುಳಿಗೆ ಬೇರೆ ಗ್ರೀನ್ ನಿರ್ಮಿಸಿದ ಮೇಲೆ, ಅದುವರೆಗೆ ಪ್ರದಕ್ಷಿಣವಾಗಿ ಸಾಗುತ್ತಿದ್ದ ಸುತ್ತನ್ನು ಅಪ್ರದಕ್ಷಿಣವಾಗಿಯೂ ಆಡುವುದು ಸಾಧ್ಯವಾಯಿತು. ಕ್ರಮೇಣ ಅದೇ ರೂಢಿಯಾಯಿತು. ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ) ಕಣ್ಣಿಗೇ ಬೀಳದ ಕೆಲವು ಬಂಕರ್‌ಗಳು (ಮರಳುಗುಂಡಿಗಳು) ಹಳೆಯ ದಿಕ್ಕಿನಿಂದ ನೋಡಿದಾಗ ಸರಿಯಾಗಿ ಎದುರಿಗಿರುವುದು ಈ ಕಾರಣದಿಂದಲೇ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಇದು ಅಲ್ಲಿನ ರಾಯಲ್ ಆಂಡ್ ಏನ್ಷಿಯಂಟ್ ಗಾಲ್ಫ್ ಕ್ಲಬ್ಬಿನ ಆಸ್ತಿಯೇ?

ಉತ್ತರ 3:
ಅಲ್ಲ. 1797ರಲ್ಲಿ ಸಾಲದಲ್ಲಿ ಮುಳುಗಿದ್ದ ಪಟ್ಟಣದ ಆಡಳಿತ ಈ ನೆಲವನ್ನು ಕೈಬಿಟ್ಟಿತು. ಅದನ್ನು ಪಡೆದ ವ್ಯಾಪಾರಿಗಳು ಅಲ್ಲಿ ಮೊಲ ಸಾಕಿದರು. ಬಿಲಗಳಿಂದ ಮೈದಾನ ಹಾಳಾಗಿ, ಗಾಲ್ಫ್ ಆಟಗಾರರಿಗೂ ಅವರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು (ಗಾಲ್ಫ್ ಇತಿಹಾಸದಲ್ಲಿ ಇದಕ್ಕಿಂತ ಸ್ವಾರಸ್ಯಕರ ಪ್ರಕರಣ ನನಗೆ ತಿಳಿದಿಲ್ಲ). 1821ರಲ್ಲಿ ಜೇಮ್ಸ್ ಚೀಪ್ ಎಂಬ ಸ್ಥಳೀಯ ಭೂಮಾಲೀಕರು ಅದನ್ನು ಕೊಂಡು ಗಾಲ್ಫ್‌ಗೆ ಉಳಿಸಿದರು. 1894ರ ಸಂಸತ್ತಿನ ಕಾಯಿದೆಯಿಂದ ಅದು ಮತ್ತೆ ಪಟ್ಟಣದ ಪಾಲಾಯಿತು. 1974ರಿಂದ ನಿರ್ವಹಣೆ ಒಂದು ಟ್ರಸ್ಟ್‌ನದು. ಮೊದಲ ಟೀಯ ಹಿಂದೆಯೇ ಕ್ಲಬ್ಬಿನ ಕಟ್ಟಡ ಇರುವುದರಿಂದ ನಿಮಗೆ ಹಾಗೆ ಅನಿಸಿರಬಹುದು. ಮೈದಾನ ಮಾತ್ರ ಸಾರ್ವಜನಿಕರದು.