ಪದ ಬೇಕು: ಕೇರಳದ ಕಾಯಲಿಗೆ ‘ಹಿನ್ನೀರು’ ನಡೆಯುತ್ತದೆಯೇ? (ನಾಳೆ ಸಂಜೆಯೊಳಗೆ)

ವೀ., ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಆಲಪ್ಪುಳದಲ್ಲಿ ದೋಣಿ ಹತ್ತುವ ಜಾಗದಲ್ಲಿ ನಿಲ್ಲಿಸುವ ಮಾಹಿತಿ ಫಲಕ, ಅದರ ಕನ್ನಡ ಪಠ್ಯ ನನ್ನ ಪಾಲಿಗೆ ಬಂದಿದೆ. ಒಟ್ಟು ಎಂಟು ಸಾಲು. ವೇಂಬನಾಡು-ಕೋಳ್ 2002ರಿಂದ ರಾಮ್ಸರ್ ಪಟ್ಟಿಯಲ್ಲಿದೆ (ವೆಟ್‌ಲ್ಯಾಂಡ್‌ಗಳ ಅಂತಾರಾಷ್ಟ್ರೀಯ ಪಟ್ಟಿ), ವಿಸ್ತೀರ್ಣ ಸುಮಾರು 1,512 ಚದರ ಕಿ.ಮೀ., ಕುಟ್ಟನಾಡಿನಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ, ತಣ್ಣೀರ್‌ಮುಕ್ಕಂ ಬಂಡ್ ಉಪ್ಪುನೀರನ್ನು ತಡೆಯುತ್ತದೆ, ಇಂಥವು. ‘ಬ್ಯಾಕ್‌ವಾಟರ್’ಗೆ (ಅವರ ಮಾತಿನಲ್ಲಿ ಕಾಯಲ್) ಹಿನ್ನೀರು, ‘ವೆಟ್‌ಲ್ಯಾಂಡ್’ಗೆ ಜೌಗುಭೂಮಿ ಎಂದು ಹಾಕಿದ್ದೇನೆ. ಎರಡೂ ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗಿವೆ. ಒಡ್ಡು ಕಟ್ಟಿ ನೀರು ಹೊರಹಾಕಿ ಮಾಡಿದ ಗದ್ದೆ ಬಯಲಿಗೆ (ಅವರು ಪಾಡಶೇಖರಂ ಅನ್ನುತ್ತಾರೆ) ಪದವೇ ಹೊಳೆದಿಲ್ಲ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಸಾಲಿಗೆ ಮೂವತ್ತು ಅಕ್ಷರ ಮೀರುವ ಹಾಗಿಲ್ಲ.

ಗ., ಸಾಗರ:
ಹಿನ್ನೀರು ಬೇಡ. ಅಣೆಕಟ್ಟೆ ಇಲ್ಲದೆ ಹಿನ್ನೀರು ಎಲ್ಲಿಂದ ಬಂತು? ಶರಾವತಿ ಹಿನ್ನೀರು, ಕಬಿನಿ ಹಿನ್ನೀರು, ಕೆಆರ್‌ಎಸ್ ಹಿನ್ನೀರು, ಎಲ್ಲವೂ ಕಟ್ಟೆ ಕಟ್ಟಿ ಹಿಂದಕ್ಕೊತ್ತಿದ ನೀರೇ. ಲಿಂಗನಮಕ್ಕಿಯಲ್ಲಿ ನಮ್ಮ ಅಜ್ಜನ ಮನೆ ಹೋಯ್ತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಬಾವಿಕಟ್ಟೆ ಕಾಣುತ್ತೆ, ಅಪ್ಪ ಹೋಗಿ ಅದರ ಮೇಲೆ ಸ್ವಲ್ಪ ಹೊತ್ತು ಕೂತು ಬರ್ತಿದ್ರು. ನಮ್ಮ ಕಡೆ ಹಿನ್ನೀರು ಅಂದ್ರೆ ಮುಳುಗಡೆ. ಹೌಸ್‌ಬೋಟ್ ಹತ್ತೋರಿಗೆ ಆ ಪದ ಕೊಡಬೇಡಿ.

ಶ್ರೀ., ಮೈಸೂರು:
ಭಾವನೆ ಬೇರೆ, ಪದರಚನೆ ಬೇರೆ. ಕಡಲಿನ ಹಿಂದಿರುವ ನೀರು ಹಿನ್ನೀರು. ಮುಂಗೈ, ಹಿಂಗೈ ಇದ್ದಂತೆ. ಅದನ್ನು ಅಣೆಕಟ್ಟೆಗೆ ಕಟ್ಟಿಹಾಕಿದವರು ಪತ್ರಿಕೆಯವರು. ಕಾಯಲ್ ಕೂಡ ಪರಕೀಯವಲ್ಲ. ‘ಕಾಯ್’ ಧಾತು: ಬಿಸಿಲಿಗೆ ಕಾಯುವ, ಆಳವಿಲ್ಲದ ನೀರು ಕಾಯಲ್. ನಮ್ಮದೇ ಪದ ನಮ್ಮ ಕಡೆ ಕಳೆದುಹೋಗಿ ಅವರ ಕಡೆ ಉಳಿದಿದೆ, ಅಷ್ಟೆ.

ಅ., ಕಾಸರಗೋಡು:
ಮೇಷ್ಟ್ರೇ, ಆಧಾರ? ಸದ್ದು ಹೋಲಿದ್ದೆಲ್ಲ ವ್ಯುತ್ಪತ್ತಿಯಾದರೆ ತೆಂಗಿನಕಾಯಿಯೂ ಬಿಸಿಲಿಗೆ ಕಾದದ್ದೇ.

ವೀ. ಅವರಿಗೆ: ಆಲಪ್ಪುಳದಲ್ಲಿ ಮೂರು ವರ್ಷ ಕೆಲಸ ಮಾಡಿದವನು ನಾನು. ಮಲಯಾಳದಲ್ಲಿ ಉಪ್ಪಾದರೂ ಕಾಯಲ್, ಸಿಹಿಯಾದರೂ ಕಾಯಲ್. ಕೊಲ್ಲಂ ಜಿಲ್ಲೆಯ ಶಾಸ್ತಾಂಕೋಟ್ಟ ಕಾಯಲ್ ಸಿಹಿನೀರಿನದು. ಸಾಲದ್ದಕ್ಕೆ ಕುಟ್ಟನಾಡಿನಲ್ಲಿ ನೀರಿನಿಂದ ಗೆದ್ದುಕೊಂಡ ಗದ್ದೆಗೂ ಅದೇ ಹೆಸರು: ಚಿತ್ತಿರ ಕಾಯಲ್, ಮಾರ್ತಾಂಡಂ ಕಾಯಲ್. ಅಲ್ಲಿ ಒಡ್ಡಿನ ಮೇಲೆ ನಿಂತರೆ ಒಂದು ಮಗ್ಗುಲಲ್ಲಿ ನೀರು ಚಪ್ಪಲಿಗೆ ತಾಗುವಷ್ಟು ಹತ್ತಿರ, ಇನ್ನೊಂದು ಮಗ್ಗುಲಲ್ಲಿ ಗದ್ದೆ ಆಳುದ್ದ ಕೆಳಗೆ. ನಾಟಿಗೆ ಬಗ್ಗಿದವರ ತಲೆಗಿಂತ ಮೇಲೆ ದೋಣಿ ಹೋಗುತ್ತಿರುತ್ತದೆ. ಇದನ್ನು ಹಿನ್ನೀರು ಅಂದರೆ ಯಾರಿಗೆ ಏನು ತಿಳಿಯಬೇಕು? ಕಾಯಲ್ ಅಂತಲೇ ಬಿಡಿ. ‘ಕಾಯಲ್ ಸರೋವರ’ ಅಂತ ಮಾತ್ರ ಬರೆಯಬೇಡಿ, ಗೇಟು ಬಾಗಿಲು ಅಂದ ಹಾಗಾಗುತ್ತದೆ.

ಮಾ., ಕುಮಟಾ:
ಗದ್ದೆ ಬಯಲಿಗೆ ಪದ ಇಲ್ಲ ಅಂದವರು ಯಾರು? ಗಜನಿ. ಅಘನಾಶಿನಿ ಅಳಿವೆಯಲ್ಲಿ ಒಡ್ಡು ಹಾಕಿ ಕಗ್ಗ ಭತ್ತ ಬೆಳೀತಾರಲ್ಲ, ಅದು. 2024ರಲ್ಲಿ ನಮ್ಮ ಅಳಿವೆಯೂ ರಾಮ್ಸರ್ ಪಟ್ಟಿಗೆ ಸೇರಿದೆ. ಘಟ್ಟದ ಮೇಲಿನವರ ಕನ್ನಡದಲ್ಲಿ ಇಲ್ಲ ಅಂದರೆ ಕನ್ನಡದಲ್ಲೇ ಇಲ್ಲ ಅಂದುಕೊಳ್ಳೋದು ಈ ಬಳಗದ ಹಳೇ ಚಾಳಿ.

ಅ., ಕಾಸರಗೋಡು:
ಗಜನಿ ಒಳ್ಳೇ ಪದ, ಜಾಗ ತಪ್ಪು. ಗಜನಿಗೆ ಸರಿಸಾಟಿ ಕೊಚ್ಚಿ ಕಡೆಯ ಪೊಕ್ಕಾಳಿ. ಮಳೆಗಾಲದಲ್ಲಿ ಉಪ್ಪು ತಾಳುವ ಭತ್ತ, ಅದು ಮುಗಿದ ಮೇಲೆ ಸಿಗಡಿ. ಕುಟ್ಟನಾಡಿನ ಪುಂಜ ಬೆಳೆಗೆ (ಬೇಸಿಗೆಯ ಭತ್ತ) ಉಪ್ಪು ತಾಗಿದರೆ ಕೆಟ್ಟಿತು. ಅದಕ್ಕೇ 1976ರಿಂದ ಆ ಬಂಡ್. ಡಿಸೆಂಬರಿನಲ್ಲಿ ಬಾಗಿಲು ಹಾಕುತ್ತಾರೆ. ತೆಗೆಯುವುದು ತಡವಾದರೆ ಮೀನು ಹಿಡಿಯುವವರೂ ಕಕ್ಕ ತೆಗೆಯುವವರೂ (ನಿಮ್ಮ ಬಳಚಿನ ಹಾಗೆ, ಚಿಪ್ಪು ಕಪ್ಪು) ಜಗಳಕ್ಕೆ ನಿಲ್ಲುತ್ತಾರೆ, ಬೇಗ ತೆಗೆದರೆ ರೈತರು. ಎಂಟು ಸಾಲಿನಲ್ಲಿ ಇದಕ್ಕೂ ಒಂದು ಸಾಲು ಇದೆಯೋ ಇಲ್ಲವೋ?

ವೀ., ಬೆಂಗಳೂರು:
ಇಲ್ಲ. ಕೇಳಿದೆ, ಬೇಡ ಅಂದರು.

ರಾ., ಹಾಸನ:
ನಿಜವಾದ ತಪ್ಪು ‘ಜೌಗುಭೂಮಿ’. ಕಾಲಿಟ್ಟರೆ ಇಳಿಯುವುದು ಜೌಗು. ರಾಮ್ಸರ್ ಒಪ್ಪಂದ ಓದಿದ್ದೀರಾ? ಇಳಿತದ ಹೊತ್ತಿನಲ್ಲಿ ಆರು ಮೀಟರ್ ಮೀರದ ಕಡಲನ್ನೂ ಅದು ಒಳಗೆ ಸೇರಿಸುತ್ತದೆ. ಆರು ಮೀಟರ್ ನೀರಿನಲ್ಲಿ ಎಂಥ ಜೌಗು? ಅದರ ಮೇಲೆ ‘ಭೂಮಿ’ ಬೇರೆ. ಅಚ್ಚಗನ್ನಡದ ಪದ ಪಹಣಿಯಲ್ಲೇ ಇದೆ: ತರಿ. ತರಿನೆಲ ಅನ್ನಿ, ಮುಗಿಯಿತು.

ಅ., ಕಾಸರಗೋಡು:
ತರಿ ಪಾರ್ಸಿ.

ರಾ., ಹಾಸನ:
ನಮ್ಮಜ್ಜಿ ತರಿ ಅಂತಿದ್ದರು. ಅವರಿಗೆ ಪಾರ್ಸಿ ಬರುತ್ತಿರಲಿಲ್ಲ.

ಅ., ಕಾಸರಗೋಡು:
ಅಜ್ಜಿ ಒಣಭೂಮಿಗೆ ಖುಷ್ಕಿ ಅಂತಲೂ ಅಂದಿರುತ್ತಾರೆ. ಒಂದೇ ಗಾಡಿಯಲ್ಲಿ ಬಂದ ಜೋಡಿ ಪದ, ಒಂದನ್ನು ಮನೆಯವರು ಇನ್ನೊಂದನ್ನು ನೆಂಟರು ಅಂದರೆ ಹೇಗೆ? ಅಂದಹಾಗೆ ರಾಮ್ಸರ್ ಕೂಡ ಇರಾನಿನ ಊರೇ. 1971ರಲ್ಲಿ ಒಪ್ಪಂದ ಆದದ್ದು ಅಲ್ಲಿ. ತರಿ ಅಂತ ಹಾಕಿದರೆ ಆ ಊರಿನವರಿಗೆ ಖುಷಿಯಾದೀತು. ಆದರೆ ಪಹಣಿಯ ತರಿ ಅಂದರೆ ನೀರಾವರಿ ಗದ್ದೆ. ಕಂದಾಯ ಕಟ್ಟುವ ನೆಲ. ಕೊಕ್ಕರೆ ಕಟ್ಟುವುದಿಲ್ಲ.

ರಾ., ಹಾಸನ:
ಸರಿ, ತರಿ ಬೇಡ. ಒದ್ದೆನೆಲ.

ಗ., ಸಾಗರ:
ಒದ್ದೆನೆಲ ಅಂದ್ರೆ ಈಗಷ್ಟೇ ಒರೆಸಿದ ನೆಲ. ಜಾರಿ ಬೀಳ್ತೀರಿ ಅಂತ ಆಸ್ಪತ್ರೆಯಲ್ಲಿ ಹಳದಿ ಬೋರ್ಡ್ ಇಟ್ಟಿರ್ತಾರಲ್ಲ, ಅದು.

ಶ್ರೀ., ಮೈಸೂರು:
ಇದೇ ನೋಡಿ ನಮ್ಮ ದುರ್ಗತಿ. ಆರ್ದ್ರಭೂಮಿ ಎಂಬ ಸಿದ್ಧ ಪದ ಇರುವಾಗ ಪಾರ್ಸಿ, ಮಲಯಾಳ ಎಂದು ಕಂಡವರ ಮನೆಯ ಕದ ತಟ್ಟುವುದು.

ಮಾ., ಕುಮಟಾ:
ಸಂಸ್ಕೃತದಿಂದ ಬಂದರೆ ಆಸ್ತಿ, ಪಕ್ಕದ ಮನೆಯಿಂದ ಬಂದರೆ ಸಾಲ. ಯಾವ ಲೆಕ್ಕ ಇದು? ಕೆರೆ ನಾವು ಕಟ್ಟಿದ್ದು, ಅದಕ್ಕೆ ಹೆಸರಿದೆ. ತಾನಾಗಿ ಹುಟ್ಟಿದ ಇಷ್ಟು ದೊಡ್ಡ ನೀರು ಘಟ್ಟದ ಮೇಲೆ ಇಲ್ಲ, ಹೆಸರೂ ಇಲ್ಲ. ಇರುವವರಿಂದ ತಗೊಳ್ಳಿ. ಪಾಡ, ನಾಡು, ತೋಡು ಯಾವುದು ನಮಗೆ ಅರ್ಥವಾಗಲ್ಲ? ದಕ್ಷಿಣ ಕನ್ನಡದವರು ತೋಡು ದಾಟಿಯೇ ಶಾಲೆಗೆ ಹೋದವರು.

ಶ್ರೀ., ಮೈಸೂರು:
ಈ ಧಾಟಿಯಲ್ಲಿ ಚರ್ಚೆ ಮುಂದುವರಿಸಲಾರೆ.

ವೀ., ಬೆಂಗಳೂರು:
ಎಲ್ಲರಿಗೂ ಧನ್ಯವಾದ. ಕಳಿಸಿದ್ದು ಹೀಗೆ. ಮೇಲೆ ದೊಡ್ಡಕ್ಷರದಲ್ಲಿ ‘ವೇಂಬನಾಡು ಕಾಯಲ್’, ಕೆಳಗೆ ಸಣ್ಣಕ್ಷರದಲ್ಲಿ ‘ಹೊಳೆಗಳೂ ಕಡಲೂ ಕೂಡುವ ನೀರು’. ಗದ್ದೆ ಬಯಲಿಗೆ ಹೆಸರು ಇಡಲಿಲ್ಲ, ‘ನೀರಿಗಿಂತ ಕೆಳಗಿರುವ ಗದ್ದೆ’ ಎಂದು ಬಿಡಿಸಿ ಹೇಳಿದೆ. ಹಿನ್ನೀರು ತೆಗೆದೆ. ‘ಜೌಗುಭೂಮಿ’ ಹಾಗೇ ಹೋಯಿತು. ರಾ. ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದೂ ಹೋಯಿತು, ಓದುವವರಿಗೆ ಬೇರೆ ಯಾವುದೂ ತಟ್ಟನೆ ಹತ್ತುವುದಿಲ್ಲ. ‘ತಣ್ಣೀರ್‌ಮುಕ್ಕಂ ಬಂಡು ಉಪ್ಪುನೀರನ್ನು ತಡೆಯುತ್ತದೆ’ ಎಂಬ ಸಾಲಿನಲ್ಲಿ ಯಾರದೂ ತಕರಾರಿರಲಿಲ್ಲ, ಅದು ಇದ್ದ ಹಾಗೇ ಇದೆ.

ಗ., ಸಾಗರ:
ಹಿನ್ನೀರು ತೆಗೆದದ್ದಕ್ಕೆ ಸಂತೋಷ. ಆದ್ರೆ ಬಂಡು ಯಾಕೆ? ಒಡ್ಡು ಇತ್ತಲ್ಲ.

ರಾ., ಹಾಸನ:
ಬಂಡು ಅಂದರೆ ದಂಗೆ. ಫಲಕದ ಪ್ರಕಾರ ಈಗ ತಣ್ಣೀರ್‌ಮುಕ್ಕಂನಲ್ಲಿ ದಂಗೆ ಎದ್ದು ಉಪ್ಪುನೀರನ್ನು ತಡೆಯುತ್ತಿದೆ.

ಮಾ., ಕುಮಟಾ:
ಬಾಗಿಲು ತೆಗೆಯೋ ಹೊತ್ತಿಗೆ ಅದೂ ನಿಜವೇ.

ವೀ., ಬೆಂಗಳೂರು:
ಅಚ್ಚಾಗಿದೆ.