ಪ್ರಶ್ನೋತ್ತರ: ಹೋಲ್ಡನ್‌ನ ಸಿಟ್ಟಿನ ಹಿಂದೆ ಏನಿದೆ?

ನಿರ್ವಾಹಕಿ, ಬಳ್ಳಾರಿ: ನಮ್ಮ ಬಳಗ ಈ ತಿಂಗಳು ಸ್ಯಾಲಿಂಜರ್ ಅವರ 1951ರ ಕಾದಂಬರಿ ‘ದಿ ಕ್ಯಾಚರ್ ಇನ್ ದ ರೈ’ಯನ್ನು ಓದಿದೆ. ಶಾಲೆಯಿಂದ ಹೊರದೂಡಲ್ಪಟ್ಟ ಹದಿನಾರರ ಹೋಲ್ಡನ್ ಮನೆಗೆ ಹೋಗಲು ಅಂಜಿ ನ್ಯೂಯಾರ್ಕಿನಲ್ಲಿ ಅಲೆಯುವ ಕಥೆಯಿದು. ಬಳಗದ ಮನೋವೈದ್ಯರು ಉತ್ತರಿಸುತ್ತಾರೆ.

ಸಿರುಗುಪ್ಪದ ಓದುಗ: ಇವನು ಕಂಡಕಂಡವರನ್ನೆಲ್ಲ ಹಳಿಯುತ್ತಾನೆ. ಇದನ್ನು ಖಿನ್ನತೆ ಎನ್ನಬಹುದೇ?

ಮನೋವೈದ್ಯ: ಹದಿಹರೆಯದಲ್ಲಿ ಖಿನ್ನತೆಯು ಅಳುಮುಖಕ್ಕಿಂತ ಸಿಡುಕುಮುಖದಲ್ಲಿ ಬರುವುದು ಸಾಮಾನ್ಯ. ನಾವು ಬಳಸುವ ಡಿಎಸ್‌ಎಂ-5 ಎಂಬ ಮನೋರೋಗ ಗುರುತಿಸುವ ಕೈಪಿಡಿ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಎರಡು ವಾರ ಇರಬೇಕೆನ್ನುತ್ತದೆ. ಈ ವಯಸ್ಸಿನವರಲ್ಲಿ ಬೇಸರದ ಬದಲು ಸಿಡುಕನ್ನೂ ಎಣಿಕೆಗೆ ತೆಗೆದುಕೊಳ್ಳುತ್ತದೆ. ಹೋಲ್ಡನ್ ಐದು ವಿಷಯಗಳಲ್ಲಿ ನಾಲ್ಕರಲ್ಲಿ ಫೇಲಾಗಿದ್ದಾನೆ, ರಾತ್ರಿ ನಿದ್ರಿಸುವುದಿಲ್ಲ, ಜೊತೆಗಾರರಿಗಾಗಿ ಹಂಬಲಿಸಿ ಅವರು ಸಿಕ್ಕೊಡನೆ ಜಗಳ ತೆಗೆಯುತ್ತಾನೆ, ಹೋಟೆಲಿನಲ್ಲಿ ಪೆಟ್ಟು ತಿಂದ ರಾತ್ರಿ ಕಿಟಕಿಯಿಂದ ಹಾರುವ ಯೋಚನೆಯನ್ನೂ ಮಾಡುತ್ತಾನೆ. ಆದರೆ ಕಥೆ ನಡೆಯುವುದು ಕೆಲವೇ ದಿನಗಳಲ್ಲಿ. ಎರಡು ವಾರದ ಲೆಕ್ಕಕ್ಕೆ ನಾವು 1946ರ ಜುಲೈ 18ಕ್ಕೆ, ಅವನ ತಮ್ಮ ಆಲೀ ರಕ್ತದ ಕ್ಯಾನ್ಸರಿನಿಂದ ಸತ್ತ ದಿನಕ್ಕೆ ಹೋಗಬೇಕು. ಅಂದು ಹದಿಮೂರರ ಹೋಲ್ಡನ್ ಗ್ಯಾರೇಜಿನ ಕಿಟಕಿಗಳನ್ನೆಲ್ಲ ಬರಿಗೈಯಲ್ಲಿ ಒಡೆದುಹಾಕಿದ. ಆ ದುಃಖ ಕರಗದೆ ಸಿಟ್ಟಾಗಿ ಹೆಪ್ಪುಗಟ್ಟಿದೆ ಎಂಬುದು ನನ್ನ ಓದು. ಸಾವಿನ ದುಃಖವಿರುವಾಗ ಎರಡು ತಿಂಗಳವರೆಗೆ ಖಿನ್ನತೆಯ ಹೆಸರು ಹಚ್ಚಬಾರದೆಂಬ ಕೈಪಿಡಿಯ ಹಳೆಯ ವಿನಾಯಿತಿಯನ್ನು 2013ರಲ್ಲೇ ಕೈಬಿಡಲಾಗಿದೆ.

ಮಾನ್ವಿಯ ಓದುಗ: ಹತ್ತಿ ಬಿಡಿಸುವ ನಮ್ಮ ಮಕ್ಕಳಿಗೆ ಈ ರೋಗಕ್ಕೆ ಪುರುಸೊತ್ತಿಲ್ಲ. ಇದು ಸಿರಿವಂತರ ಸೊಕ್ಕು.

ಗಂಗಾವತಿಯ ಓದುಗಿ: ಪುರುಸೊತ್ತಿಲ್ಲದವರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ತಾವು ಯಾವ ಮಗುವನ್ನು ಕೇಳಿ ನೋಡಿದ್ದೀರಿ?

ಮಾನ್ವಿಯ ಓದುಗ: ಕೇಳುವ ಅಗತ್ಯ ನನಗಿಲ್ಲ, ನಾನೇ ಆ ಮಗುವಾಗಿದ್ದೆ.

ಮನೋವೈದ್ಯ: 1985ರಿಂದ ನಿಮ್ಹಾನ್ಸ್ ಸಂಸ್ಥೆಯು ಇದೇ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ನೀಡುವ ಪ್ರಯೋಗ ನಡೆಸಿತು, 1996ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆ ಕೇಂದ್ರಗಳಿಗೆ ಬಂದವರು ಹಳ್ಳಿಯವರೇ ಹೊರತು ನ್ಯೂಯಾರ್ಕಿನವರಲ್ಲ.

ಸಂಡೂರಿನ ಓದುಗ: ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಎಂಬ, ಮನಸ್ಥಿತಿಗೆ ಸಂಬಂಧಿಸಿದ ರಾಸಾಯನಿಕ ಇದೆ, ದಿನಕ್ಕೆರಡು ತಿಂದರೆ ಖಿನ್ನತೆ ಮಾಯವೆಂಬ ಸಂದೇಶ ನನಗೆ ಬಂದಿದೆ. ಅಶ್ವಗಂಧವೂ ಒಳ್ಳೆಯದಂತೆ.

ಮನೋವೈದ್ಯ: ಬಾಳೆಹಣ್ಣಿನ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟಿ ಹೋಗದು. ಹಸಿವಾದರೆ ಹಣ್ಣು ತಿನ್ನಿರಿ. ಅಶ್ವಗಂಧದಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಹದಿಹರೆಯದವರಿಗೆ ಅಂದಾಜಿನಲ್ಲಿ ಕೊಡುವ ವಸ್ತುವಲ್ಲ. ಇಂಥ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಕನಕಗಿರಿಯ ಓದುಗ: ಈ ಕಾದಂಬರಿ ಕನ್ನಡದಲ್ಲಿ ಸಿಗುತ್ತದೆಯೇ?

ರಾಯಚೂರಿನ ಓದುಗ: ಒಂದೇ ಮಾತಿನಲ್ಲಿ ಹೇಳಿ: ಹೋಲ್ಡನ್‌ಗೆ ಖಿನ್ನತೆ ಇತ್ತೋ ಇಲ್ಲವೋ?

ಮನೋವೈದ್ಯ: ಮೇಲೆ ಬರೆದಿದ್ದೇನೆ.

ಕುಷ್ಟಗಿಯ ಉಪನ್ಯಾಸಕಿ: ಪುಸ್ತಕದ ಬಗ್ಗೆ ಬರೆಯಲು ಹೇಳಿದಾಗ ನನ್ನ ವಿದ್ಯಾರ್ಥಿಯೊಬ್ಬ, ರಸ್ತೆ ದಾಟುವಾಗ ಹೋಲ್ಡನ್ ಸತ್ತ ತಮ್ಮನನ್ನು ಕರೆಯುವುದು ತನಗೆ ಅರ್ಥವಾಗುತ್ತದೆಂದು ಬರೆದಿದ್ದಾನೆ. ಕಳೆದ ವರ್ಷ ಅವನ ಅಣ್ಣ ತೀರಿಕೊಂಡ. ಈ ವಾರ ಅವನು ತನ್ನ ಕ್ರಿಕೆಟ್ ಬ್ಯಾಟು, ಕೈಗಡಿಯಾರಗಳನ್ನು ಗೆಳೆಯರಿಗೆ ಹಂಚಿದ. ನಾನು ಅತಿಯಾಗಿ ಯೋಚಿಸುತ್ತಿದ್ದೇನೆಯೇ?

ಮನೋವೈದ್ಯ: ಇಲ್ಲ. ಕಾದಂಬರಿಯನ್ನು ಬದಿಗಿಡೋಣ. ಸತ್ತವರೊಡನೆ ಮಾತನಾಡುವುದು ದುಃಖದಲ್ಲಿ ಸಹಜವಾದರೂ, ಪ್ರೀತಿಯ ವಸ್ತುಗಳನ್ನು ಹಂಚುವುದು ನಮ್ಮನ್ನು ಎಚ್ಚರಿಸುವ ಲಕ್ಷಣ. ಎರಡೂ ಕೂಡಿದಾಗ ನಾಳೆಯವರೆಗೆ ಕಾಯಬಾರದು. ಇಂದೇ ಅವನನ್ನು ಏಕಾಂತದಲ್ಲಿ ಕೂರಿಸಿಕೊಂಡು, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಸುಳ್ಳು. ಕೇಳುವವರು ಸಿಕ್ಕಾಗ ಮಕ್ಕಳಿಗೆ ಹಗುರವಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ ಮನೆಯವರೊಡನೆ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ. ಮನೆಯಲ್ಲಿ ಹೊಲಕ್ಕೆ ತಂದಿಟ್ಟ ಕೀಟನಾಶಕವಿದ್ದರೆ ಈಗಲೇ ಅವನ ಕೈಗೆ ಸಿಗದಂತೆ ಬೀಗ ಹಾಕಿಸಿ. ಆ ಗಳಿಗೆ ದಾಟಿಸಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿ ಮಾತನಾಡುತ್ತಾರೆ. ಹುಡುಗನ ಹೆಸರನ್ನು ಇಲ್ಲಿ ಬರೆಯಬೇಡಿ.

ಸಂಡೂರಿನ ಓದುಗ: ಮೊದಲು ತಾಯತ ಕಟ್ಟಿಸಿದರೆ ಹುಡುಗನಿಗೆ ಧೈರ್ಯ ಬರುತ್ತದೆ.

ಮನೋವೈದ್ಯ: ಮೊದಲು ಎಂಬ ಮಾತೇ ಅಪಾಯಕಾರಿ. ಸುಮ್ಮನಿರಿ ಎಂದು ವಿನಂತಿಸುತ್ತಿದ್ದೇನೆ.

ಮಾನ್ವಿಯ ಓದುಗ: ವೈದ್ಯರು ಸದಸ್ಯರೊಡನೆ ಮಾತನಾಡುವ ರೀತಿಯೇ ಇದು?

ಗಂಗಾವತಿಯ ಓದುಗಿ: ಈಗ ನಿಮ್ಮ ಮರ್ಯಾದೆ ಮುಖ್ಯವೇ?

ರಾಯಚೂರಿನ ಓದುಗ: ನನ್ನ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬಂದಿಲ್ಲ.

ಮನೋವೈದ್ಯ: ಉಪನ್ಯಾಸಕಿಯವರೇ, ಹುಡುಗ ಈಗ ಎಲ್ಲಿದ್ದಾನೆ?

ಕುಷ್ಟಗಿಯ ಉಪನ್ಯಾಸಕಿ: ಮನೆಯಲ್ಲಿದ್ದಾನೆ, ತಾಯಿ ಜೊತೆಗಿದ್ದಾರೆ. ನಾನು ಅಲ್ಲಿಗೇ ಹೊರಟಿದ್ದೇನೆ.