ಎಲ್‌ಇಡಿ ಪೊಸಿಷನ್ ಲೈಟ್ ಹಾಕಿದ ಕೂಡಲೇ ರೇಡಿಯೋದಲ್ಲಿ ಸೊಯ್ ಸದ್ದು

ಕಿನ್ನಿಗೋಳಿ ಶೆಡ್
ನಮಸ್ಕಾರ ಎಲ್ಲರಿಗೂ. ಎರಡು ಸೀಟಿನ ಫೈಬರ್ ವಿಮಾನ ಕಟ್ಟುತ್ತಾ ಇದ್ದೇನೆ. ಇಂಜಿನ್ ಕೂತಿದೆ, ವೈರಿಂಗ್ ಮುಕ್ಕಾಲು ಮುಗಿದಿದೆ. ಪೊಸಿಷನ್ ಲೈಟ್, ಅಂದರೆ ವಿಮಾನ ಯಾವ ಕಡೆ ಹೋಗುತ್ತಾ ಇದೆ ಅಂತ ಬೇರೆಯವರಿಗೆ ತೋರಿಸುವ ದೀಪ, ನಾನೇ ಮಾಡಿದ್ದು. ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು, ಒಂದೊಂದರಲ್ಲೂ ಒಂದು ವ್ಯಾಟ್‌ನ ಮೂರು ಎಲ್‌ಇಡಿ ಸೀರೀಸ್‌ನಲ್ಲಿ. ಬಾಲದಲ್ಲಿ ಬಿಳಿ. ಪ್ರತಿ ಲೈಟಿಗೂ ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಬಕ್ ಡ್ರೈವರ್ (ವೋಲ್ಟೇಜ್ ಇಳಿಸಿ ಎಲ್‌ಇಡಿಗೆ ಬೇಕಾದಷ್ಟೇ ಕರೆಂಟ್ ಕೊಡುವ ಸರ್ಕ್ಯೂಟ್), 350 ಮಿಲಿಆಂಪ್.

ಲೈಟ್ ಚೆನ್ನಾಗಿ ಉರಿಯುತ್ತೆ. ಆದರೆ ಸ್ವಿಚ್ ಹಾಕಿದ ತಕ್ಷಣ ವಿಎಚ್‌ಎಫ್ ರೇಡಿಯೋದ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚಿಡುವ ವ್ಯವಸ್ಥೆ) ತೆರೆದು ಸೊಯ್ ಅಂತ ಸದ್ದು ಶುರು. 118ರಿಂದ 137 ಮೆಗಾಹರ್ಟ್ಸ್‌ವರೆಗೆ ಎಲ್ಲಿಗೆ ತಿರುಗಿಸಿದರೂ ಉಂಟು, ಕೆಲವು ಕಡೆ ಜಾಸ್ತಿ. ಸ್ಕ್ವೆಲ್ಚ್ ಏರಿಸಿದರೆ ಸದ್ದು ನಿಲ್ಲುತ್ತೆ, ಜೊತೆಗೆ ದೂರದವರ ಮಾತೂ ನಿಲ್ಲುತ್ತೆ. ಇಂಜಿನ್ ಆಫ್ ಇದ್ದಾಗಲೂ ಹೀಗೇ, ಹಾಗಾಗಿ ಆಲ್ಟರ್ನೇಟರ್ ಅಲ್ಲ. ಆಂಟೆನಾ ಬದಲಿಸಬೇಕಾ? ರೇಡಿಯೋಗೆ ಫಿಲ್ಟರ್ ಹಾಕಬೇಕಾ?

ಬೈಕಂಪಾಡಿ ವೈರ್‌ಮ್ಯಾನ್
ರೇಡಿಯೋ ಮುಟ್ಟಬೇಡಿ ಮಾರಾಯ್ರೆ. ಲೈಟಿಗೆ ಶೀಲ್ಡ್ ಕೇಬಲ್ ಎಳೆಯಿರಿ, ಶೀಲ್ಡನ್ನು ಒಂದು ತುದಿಯಲ್ಲಿ ಗ್ರೌಂಡ್ ಮಾಡಿ, ಡ್ರೈವರ್ ಪಕ್ಕ ವೈರಿಗೆ ಒಂದು ಫೆರೈಟ್ ಉಂಗುರ ಹಾಕಿ. ಆಡಿಯೋ ಹಮ್‌ಗೆ ನಾವು ಇದನ್ನೇ ಮಾಡುವುದು.

ಮಣಿಪಾಲದಿಂದ
ಆಡಿಯೋ ಹಮ್‌ಗೆ ಅದು ಸರಿ ಅಣ್ಣ. ಇಲ್ಲಿ ಕಥೆ ಬೇರೆ. 120 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 2.5 ಮೀಟರ್. ಅಂದರೆ 60 ಸೆಂಟಿಮೀಟರ್ ವೈರ್ ಸಿಕ್ಕಿದರೆ ಅದೇ ಒಂದು ಒಳ್ಳೆಯ ಆಂಟೆನಾ. ರೆಕ್ಕೆಯೊಳಗೆ ಅದಕ್ಕಿಂತ ಎಷ್ಟೋ ಉದ್ದದ ವೈರ್ ಇದೆ. ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿದ ಶೀಲ್ಡ್ ಈ ಫ್ರೀಕ್ವೆನ್ಸಿಗೆ ಸಾಲುವುದಿಲ್ಲ. ಲೋಹದ ರೆಕ್ಕೆಯಾದರೆ ಅದೇ ಅರ್ಧ ತಡೆಯುತ್ತಿತ್ತು, ಗಾಜಿನ ಫೈಬರ್ ಏನನ್ನೂ ತಡೆಯುವುದಿಲ್ಲ.

ಕಿನ್ನಿಗೋಳಿಯವರೇ, ರೆಕ್ಕೆಯಿಂದ ಕೇಬಲ್ ಕೀಳುವ ಮೊದಲು ಸದ್ದು ವೈರಿನಲ್ಲಿ ಬರ್ತಾ ಇದೆಯಾ, ಗಾಳಿಯಲ್ಲಿ ಬರ್ತಾ ಇದೆಯಾ ಅಂತ ನೋಡಿ. ಲೈಟ್ ಉರಿಯುತ್ತಾ ಇರುವಾಗ ರೇಡಿಯೋದ ಹಿಂದಿನ ಆಂಟೆನಾ ಕನೆಕ್ಟರ್ ಬಿಚ್ಚಿ. ಆಗ ಟ್ರಾನ್ಸ್‌ಮಿಟ್ ಬಟನ್ ಮಾತ್ರ ಒತ್ತಬೇಡಿ, ಆಂಟೆನಾ ಇಲ್ಲದೆ ಒತ್ತಿದರೆ ರೇಡಿಯೋ ಹಾಳಾಗಬಹುದು. ಸದ್ದು ನಿಂತರೆ ಅದು ಆಂಟೆನಾ ಮೂಲಕ ಬರುತ್ತಿದೆ. ನಿಲ್ಲದಿದ್ದರೆ ಪವರ್ ವೈರಿನ ಮೂಲಕ. ಆಮೇಲೆ ಲೈಟುಗಳಿಗೆ ಮಾತ್ರ ಬೇರೆ 12 ವೋಲ್ಟ್ ಬ್ಯಾಟರಿ ಕೊಟ್ಟು ನೋಡಿ. ಒಂದೊಂದೇ ಲೈಟ್ ಹಚ್ಚಿ, ಮೂರನ್ನೂ ಒಟ್ಟಿಗೆ ಬೇಡ.

ಕಿನ್ನಿಗೋಳಿ ಶೆಡ್
ಮಾಡಿದೆ ಸರ್. ಆಂಟೆನಾ ಬಿಚ್ಚಿದರೆ ಪೂರ್ತಿ ನಿಶ್ಶಬ್ದ. ಬೇರೆ ಬ್ಯಾಟರಿ ಕೊಟ್ಟರೂ ಸದ್ದು ಅಷ್ಟೇ. ಬಾಲದ ಲೈಟ್ ಎಲ್ಲಕ್ಕಿಂತ ಜೋರು. ಆಂಟೆನಾ ಬಾಲದ ಹತ್ತಿರವೇ ಇದೆ.

ಮಣಿಪಾಲದಿಂದ
ಹಾಗಾದರೆ ಗಾಳಿಯಲ್ಲೇ. ಬಕ್ ಡ್ರೈವರ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕರೆಂಟನ್ನು ಕಡಿದು ಕಡಿದು ಕೊಡುತ್ತೆ. ಆ ಕಡಿತ ಚೂಪಾಗಿದ್ದಷ್ಟೂ ಅದರ ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ ಹಲವು ಪಟ್ಟಿನ ತರಂಗಗಳು) ಮೇಲೆ ಹೋಗಿ ನಮ್ಮ ಬ್ಯಾಂಡಿಗೆ ಬೀಳುತ್ತವೆ. ತಗಡಿನ ಡಬ್ಬಿ, ಚೋಕ್, ಕೆಪಾಸಿಟರ್ ಎಲ್ಲ ಹಾಕಿ ಅದನ್ನು ಅಡಗಿಸಬಹುದು. ಆದರೆ ಒಂದು ಲೈಟಿಗೆ ಮೂರೂವರೆ ವ್ಯಾಟ್ ಕೂಡ ಇಲ್ಲ, ಅದಕ್ಕೆ ಇಷ್ಟು ಒದ್ದಾಟ ಯಾಕೆ? ಸ್ವಿಚ್ಚಿಂಗೇ ಇಲ್ಲದ ಡ್ರೈವರ್ ಹಾಕಿ.

ಎಲ್‌ಎಂ317 ಅನ್ನುವ ಮೂರು ಪಿನ್ನಿನ ರೆಗ್ಯುಲೇಟರ್ ಐಸಿ ಸಾಕು. ಔಟ್‌ಪುಟ್ ಮತ್ತು ಅಡ್ಜಸ್ಟ್ ಪಿನ್ ನಡುವೆ 3.6 ಓಮ್ ರೆಸಿಸ್ಟರ್, ಅಡ್ಜಸ್ಟ್ ಪಿನ್‌ನಿಂದ ಎಲ್‌ಇಡಿಗೆ. 1.25 ವೋಲ್ಟನ್ನು 3.6ರಿಂದ ಭಾಗಿಸಿದರೆ ಸುಮಾರು 350 ಮಿಲಿಆಂಪ್. ರೆಸಿಸ್ಟರ್ ಒಂದು ವ್ಯಾಟ್‌ನದ್ದು ತಗೊಳ್ಳಿ. ಇನ್‌ಪುಟ್ ಪಿನ್ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಬಿಸಿ ಎಷ್ಟು ಅಂತ ಲೆಕ್ಕ ಹಾಕಿ. ಕೆಂಪು ಎಲ್‌ಇಡಿಗೆ ತಲಾ 2.2 ವೋಲ್ಟ್, ಮೂರಕ್ಕೆ 6.6. ಬಸ್ (ವಿಮಾನದ ಮುಖ್ಯ ಪವರ್ ಲೈನ್) 13.8 ಇದ್ದರೆ ಉಳಿದ 7.2 ವೋಲ್ಟ್ ಬಿಸಿಯಾಗಿ ಹೋಗುತ್ತೆ, ಎರಡೂವರೆ ವ್ಯಾಟ್. ನಾಲ್ಕನೇ ಕೆಂಪು ಎಲ್‌ಇಡಿ ಸೇರಿಸಿದರೆ ಬಿಸಿಯೂ ಕಡಿಮೆ, ಬೆಳಕೂ ಜಾಸ್ತಿ. ಫೈಬರ್ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಹಾಗಾಗಿ ಎಲ್‌ಇಡಿಗೂ ಐಸಿಗೂ ಅಲ್ಯೂಮಿನಿಯಂ ಪ್ಲೇಟ್ ಬೇಕೇ ಬೇಕು. ಐಸಿಯ ಬೆನ್ನಿನ ಲೋಹ ಔಟ್‌ಪುಟ್‌ಗೆ ಸೇರಿದ್ದು, ಗ್ರೌಂಡಿಗಲ್ಲ. ಮೈಕಾ ಹಾಳೆ ಇಡದೆ ಸ್ಕ್ರೂ ಬಿಗಿಯಬೇಡಿ.

ಪ್ಲಸ್, ಮೈನಸ್ ಎರಡೂ ವೈರನ್ನು ಹುರಿ ಮಾಡಿ ಒಟ್ಟಿಗೇ ಎಳೆಯಿರಿ.

ಮಲ್ಪೆ ಬಂದರು
ನಡುವೆ ಒಂದು ಪ್ರಶ್ನೆ. ಇಲ್ಲಿ ಬೋಟಿಗೆ ಹಾಕುವ ಎಲ್‌ಇಡಿ ಸೈಡ್ ಲೈಟ್ ಸಿಗುತ್ತೆ, ಎಡ ಕೆಂಪು, ಬಲ ಹಸಿರು. ಉಪ್ಪು ನೀರಿಗೂ ಜಗ್ಗುವುದಿಲ್ಲ. ಅದನ್ನೇ ಹಾಕಿದರೆ ಎಂತ?

ಮಣಿಪಾಲದಿಂದ
ಬೇಡ. ಬಣ್ಣ ಒಂದೇ, ಕೆಲಸ ಬೇರೆ. ಬೋಟಿನ ಸೈಡ್ ಲೈಟ್ ಎದುರಿನಿಂದ 112.5 ಡಿಗ್ರಿ ಕಾಣಬೇಕು, ವಿಮಾನದ್ದು 110. ಅದು ಹೆಚ್ಚುಕಡಿಮೆ ಸರಿಯೇ. ತೊಂದರೆ ಇರುವುದು ಮೇಲೆ ಕೆಳಗೆ. ಬೋಟನ್ನು ನೋಡುವವರು ನೀರಿನ ಮಟ್ಟದಲ್ಲೇ ಇರುತ್ತಾರೆ, ಹಾಗಾಗಿ ಅಲ್ಲಿ ಪೂರ್ತಿ ಬೆಳಕು ಕೇಳುವುದು ಮೇಲೆ 5, ಕೆಳಗೆ 5 ಡಿಗ್ರಿಗೆ ಮಾತ್ರ. ವಿಮಾನವನ್ನು ನೋಡುವವರು ಮೇಲೂ ಇರಬಹುದು, ಕೆಳಗೂ ಇರಬಹುದು. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಸಣ್ಣ ವಿಮಾನಗಳ ನಿಯಮ ಪಾರ್ಟ್ 23ರ 2017ಕ್ಕೆ ಮೊದಲಿನ ಕೋಷ್ಟಕದಲ್ಲಿ 20 ಡಿಗ್ರಿವರೆಗೂ ಅರ್ಧದಷ್ಟು ಬೆಳಕು ಬೇಕಿತ್ತು, 40 ದಾಟಿ ನೆತ್ತಿಯವರೆಗೂ ಸ್ವಲ್ಪವಾದರೂ ಇರಲೇಬೇಕಿತ್ತು.

ಬಲವೂ ಸಾಲದು. ಎರಡು ನಾಟಿಕಲ್ ಮೈಲಿ ಕಾಣುವ ಬೋಟ್ ಲೈಟಿಗೆ 4.3 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ಬಲದ ಅಳತೆ) ಸಾಕು. ಅದೇ ಹಳೆಯ ಪಾರ್ಟ್ 23ರಲ್ಲಿ ವಿಮಾನಕ್ಕೆ ನೇರ ಮುಂದೆ 10 ಡಿಗ್ರಿವರೆಗೆ 40 ಕ್ಯಾಂಡೆಲಾ, 20ರವರೆಗೆ 30, ಅಲ್ಲಿಂದ 110ರವರೆಗೆ 5. ಬಾಲದ ಬಿಳಿ 140 ಡಿಗ್ರಿ ಅಗಲಕ್ಕೆ 20.

ಕಿನ್ನಿಗೋಳಿಯವರೂ ಇದನ್ನು ನೋಡಿ. 50 ಲ್ಯೂಮೆನ್‌ನ ಬರಿಯ ಎಲ್‌ಇಡಿ ಎದುರಿಗೆ ಕೊಡುವುದು ಸುಮಾರು 16 ಕ್ಯಾಂಡೆಲಾ ಅಷ್ಟೇ. ಎರಡನ್ನು ಮುಂದಕ್ಕೆ ತಿರುಗಿಸಿ ಕಿರಿದಾದ ಲೆನ್ಸ್ ಹಾಕಿ, ಉಳಿದವನ್ನು ಬರಿದಾಗಿ ಪಕ್ಕಕ್ಕೆ ಬೀಸಣಿಗೆಯಂತೆ ಕೂರಿಸಿ. ಒಳಬದಿಗೆ ಕಪ್ಪು ತಗಡಿನ ಮರೆ ಇರಲಿ. ಎಡದ ಕೆಂಪು ಬಲಗಡೆಯವರಿಗೆ ಕಂಡರೆ ನೀವು ಯಾವ ಕಡೆ ಹೋಗ್ತಾ ಇದ್ದೀರಿ ಅಂತ ಅವರಿಗೆ ತಪ್ಪು ತಿಳಿಯುತ್ತೆ. ಇಡೀ ಲೈಟ್ ಇರುವುದೇ ಅದನ್ನು ತಿಳಿಸಲಿಕ್ಕೆ ಅಲ್ವಾ?

ಕಿನ್ನಿಗೋಳಿ ಶೆಡ್
ಮೂರಕ್ಕೂ ಎಲ್‌ಎಂ317 ಹಾಕಿದೆ. ರೇಡಿಯೋ ಸುಮ್ಮನಾಗಿದೆ, ಸ್ಕ್ವೆಲ್ಚ್ ಕೆಳಗಿಟ್ಟರೂ ಲೈಟ್ ಹಾಕಿದ್ದು ಗೊತ್ತೇ ಆಗುವುದಿಲ್ಲ. ಆದರೆ ಇಂಜಿನ್ ಆಫ್ ಇದ್ದಾಗ ಹಸಿರು ಮಂಕು. ಬಸ್ 12.4.

ಮಣಿಪಾಲದಿಂದ
ಮೂರು ಹಸಿರಿಗೆ ಸುಮಾರು 9.9 ವೋಲ್ಟ್, ಐಸಿ ಮತ್ತು ರೆಸಿಸ್ಟರಿಗೆ ಇನ್ನೂ ಮೂರು ಚಿಲ್ಲರೆ. ಒಟ್ಟು 13 ದಾಟುತ್ತೆ. ಇಂಜಿನ್ ಓಡುವಾಗ ಸರಿ ಹೋಗುತ್ತೆ. ಆಲ್ಟರ್ನೇಟರ್ ಕೈ ಕೊಟ್ಟರೂ ಪೂರ್ತಿ ಬೆಳಕು ಬೇಕು ಅಂದರೆ ಎರಡೆರಡು ಎಲ್‌ಇಡಿಯ ಎರಡು ಸಾಲು ಮಾಡಿ, ಒಂದೊಂದಕ್ಕೆ ಒಂದು ಐಸಿ. ನಾನಾದರೆ ಹಾಗೇ ಮಾಡುತ್ತೇನೆ. ಬಿಳಿಗೂ ಇದೇ ಲೆಕ್ಕ.

ಬೈಕಂಪಾಡಿ ವೈರ್‌ಮ್ಯಾನ್
ಲೆನ್ಸ್ ಕವರಿನ ಕೆಳಗೆ ಸಣ್ಣ ತೂತು ಬಿಡಿ. ನಮ್ಮ ಮಳೆಗಾಲದಲ್ಲಿ ಒಳಗೆ ಹಬೆ ಕಟ್ಟದೆ ಇರುವುದಿಲ್ಲ. ಬೆಸುಗೆ ಹಾಕಿದ ಕಡೆಗೆಲ್ಲ ವಾರ್ನಿಷ್ ಬಳಿಯಿರಿ, ಕಡಲ ಗಾಳಿಗೆ ಮೊದಲು ಹಸಿರು ಕಿಲುಬು ಹಿಡಿಯುವುದು ಅಲ್ಲೇ.

ಕಿನ್ನಿಗೋಳಿ ಶೆಡ್
ಆಯ್ತು ಅಣ್ಣ. ಹಸಿರು ಲೈಟನ್ನು ಎರಡು ಸಾಲು ಮಾಡ್ತೇನೆ. ಪ್ಲೇಟಿನ ಅಳತೆ, ಫೋಟೋ ಇಲ್ಲೇ ಹಾಕುತ್ತೇನೆ.